ನೆಳಲಿನ ತೀರ್ಪು

ಮನುಷ್ಯನ ಮುಖದ ಮೇಲೆ ಬೆಳಕು ಯಾವ ಕಡೆಯಿಂದ ಬೀಳುವುದೋ ಅದಕ್ಕೆ ತಕ್ಕಂತೆ ಅವನ ಸ್ವಭಾವವೂ ನೋಡುವವರಿಗೆ ಬೇರೆಬೇರೆಯಾಗಿ ತೋರುವುದು. ಮೇಲಿನಿಂದ ಓರೆಯಾಗಿ ಬಿದ್ದರೆ ಗಾಂಭೀರ್ಯ, ಕೆಳಗಿನಿಂದ ಬಿದ್ದರೆ ಕ್ರೌರ್ಯ, ಮುಖವಾದರೋ ಒಂದೇ. ಹೀಗಿರಲು, ಛಾಯಾಚಿತ್ರಕಾರನು ಬರಿಯ ನೆಳಲಿನಿಂದ ಒಬ್ಬನನ್ನು ದುಷ್ಟನೆಂದು ತೋರಿಸುವುದು ಧರ್ಮವೆ?

ಅಮೆರಿಕದ ಯೆಹೂದ್ಯ ಛಾಯಾಚಿತ್ರಕಾರನಾದ ಆರ್ನಲ್ಡ್ ನ್ಯೂಮನ್ನನು ೧೯೬೩ರಲ್ಲಿ ಜರ್ಮನಿಯ ಎಸ್ಸೆನ್ ನಗರದಲ್ಲಿ ಕಾರ್ಖಾನೆಗಳ ಒಡೆಯ ಆಲ್ಫ್ರೀಡ್ ಕ್ರುಪ್ಪನ ಚಿತ್ರವನ್ನು ತೆಗೆದನು. ಮಹಾಯುದ್ಧದಲ್ಲಿ ಸೆರೆಯಾಳುಗಳನ್ನು ಗುಲಾಮರಂತೆ ದುಡಿಸಿಕೊಂಡುದೇ ಮೊದಲಾದ ಅಪರಾಧಗಳಿಗಾಗಿ ೧೯೪೮ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯವು ಕ್ರುಪ್ಪನಿಗೆ ೧೨ ವರ್ಷಗಳ ಸೆರೆಯನ್ನು ವಿಧಿಸಿದ್ದಿತು. ಆದರೂ ೧೯೫೧ರಲ್ಲಿಯೇ ಅವನಿಗೆ ಬಿಡುಗಡೆಯಾಯಿತು. ನ್ಯೂಮನ್ನನು ಎರಡು ಪಕ್ಕಗಳಿಂದಲೂ ದೀಪಗಳನ್ನು ಹಾಯಿಸಿ, ಅವನನ್ನು ಮುಂದಕ್ಕೆ ಬಾಗಿಸಿದನು. ಕಣ್ಣುಗಳು ಕತ್ತಲೆಯಲ್ಲಿ ಹುದುಗಿ, ಪಿಶಾಚದಂಥ ಮುಖವೊಂದು ಮೂಡಿತು.

ಈ ಚಿತ್ರವು ದಿಟವೆ, ಸಟೆಯೆ? ಅಪರಾಧವು ದಿಟ, ಆದರೆ ಅದನ್ನು ಸ್ಥಾಪಿಸಿದುದು ಸಾಕ್ಷ್ಯವೇ ಹೊರತು ದೀಪವಲ್ಲ. ಅದೇ ದೀಪಗಳ ನಡುವೆ ನಿರಪರಾಧಿಯೊಬ್ಬನು ಬಾಗಿ ಕುಳಿತಿದ್ದರೆ ಅವನೂ ಪಿಶಾಚದಂತೆಯೇ ಕಾಣುತ್ತಿದ್ದನು. ನೆಳಲಿಗೆ ಆರೋಪಿಸುವ ಶಕ್ತಿಯುಂಟು, ವಿಚಾರಿಸುವ ಶಕ್ತಿಯಿಲ್ಲ. ನ್ಯೂಮನ್ನನಾದರೋ ತನ್ನ ಉದ್ದೇಶವನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಂಡನು. ಅವನ ಚಿತ್ರದ ಹಿಂದೆ ನ್ಯಾಯಾಲಯದ ತೀರ್ಪೂ ಇದ್ದಿತು. ಇವೆರಡೂ ಇಲ್ಲದ ಕೈಗಳಲ್ಲಿ ಇದೇ ಕಲೆಯು ಚಾಡಿಯಾಗುವುದು. ಆದುದರಿಂದ ಇಂಥ ಚಿತ್ರವನ್ನು ಕಂಡು ಒಬ್ಬನನ್ನು ಹಗೆಯುವ ಮೊದಲು, ದೀಪವು ಎಲ್ಲಿದ್ದಿತು, ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳಿಕೊಳ್ಳುವುದು ನೋಡುವವನ ಕರ್ತವ್ಯವಾಗಿದೆ.