ಕೆಂಡ ಮತ್ತು ತಂತಿ

ಬೆಂಕಿಕಡ್ಡಿಯನ್ನೂ ಎಣಿಸಿ ಬಳಸುತ್ತಿದ್ದ ಕಾಲದ ಸಂಗತಿಯೊಂದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ಬೆಳಿಗ್ಗೆ ಯಾರ ಮನೆಯ ಒಲೆ ಮೊದಲು ಹೊತ್ತುವುದೋ ಆ ಮನೆಗೆ ನೆರೆಹೊರೆಯವರು ತೆಂಗಿನ ಕರಟವನ್ನೋ ಬೆರಣಿಯ ಚೂರನ್ನೋ ಹಿಡಿದು ಕೆಂಡಕ್ಕಾಗಿ ಬರುತ್ತಿದ್ದರಂತೆ. ಅಕ್ಕಿ ಕೊಟ್ಟರೆ ಡಬ್ಬಿ ಬರಿದಾಗುತ್ತದೆ. ಕೆಂಡ ಕೊಟ್ಟರೆ ಕೊಟ್ಟವರ ಒಲೆ ಆರುವುದಿಲ್ಲ, ಇನ್ನೊಂದು ಒಲೆ ಹೊತ್ತುತ್ತದೆ. ಜ್ಞಾನದ ಸ್ವಭಾವವೂ ಇದೇ ಅಲ್ಲವೇ?

ಸೌರವಿದ್ಯುತ್ತಿನ ಚರಿತ್ರೆ ಹೀಗೆ ಮನೆಯಿಂದ ಮನೆಗೆ ಸಾಗಿದ ಕೆಂಡದ ಕತೆಯೇ ಆಗಿದೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಸಿಲಿಕಾನ್ ಸೌರಕೋಶವನ್ನು ಜಗತ್ತಿಗೆ ತೋರಿಸಿತು. ಅದರ ಸಾಮರ್ಥ್ಯವನ್ನು ಹೆಚ್ಚಿಸುವ ಸಂಶೋಧನೆಯನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಮುನ್ನಡೆಸಿದರು. ಅವರ ಶಿಷ್ಯ ಶಿ ಝೆಂಗ್‌ರಾಂಗ್ ಚೀನಾಕ್ಕೆ ಮರಳಿ 2001ರಲ್ಲಿ ಸನ್‌ಟೆಕ್ ಕಂಪೆನಿ ಸ್ಥಾಪಿಸಿದರು. ಅದಕ್ಕೂ ಮುನ್ನ, 2000ದಲ್ಲಿ, ಜರ್ಮನಿ ಕಾನೂನು ಮಾಡಿ ಇಂಥ ವಿದ್ಯುತ್ತಿಗೆ ನಿಶ್ಚಿತ ದರದ ಭರವಸೆ ಕೊಟ್ಟಿತ್ತು. ಆ ಹೊರೆಯನ್ನು ಹೊತ್ತವರು ಅಲ್ಲಿನ ಸಾಮಾನ್ಯ ಬಳಕೆದಾರರು. 2010ರಿಂದ 2020ರ ನಡುವೆ ಸೌರಫಲಕದ ಬೆಲೆ ಸುಮಾರು ಶೇಕಡಾ 90ರಷ್ಟು ಇಳಿದದ್ದರ ಹಿಂದೆ ಈ ಎಲ್ಲರ ಬೆವರಿದೆ. ಇದನ್ನು ಯಾವ ದೇಶ ತನ್ನೊಬ್ಬನ ಸಾಧನೆ ಎನ್ನಬಲ್ಲದು?

ಆದರೂ ಬಾಗಿಲುಗಳು ಮುಚ್ಚುತ್ತವೆ. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯಗಳ ಮುಂದಾಳತ್ವದಲ್ಲಿ ಸೌರಶಕ್ತಿಯ ಜಂಟಿ ಸಂಶೋಧನೆ ಆರಂಭವಾಯಿತು. ಮರುವರ್ಷವೇ ಅಮೆರಿಕವು ಭಾರತವನ್ನು ವಿಶ್ವ ವ್ಯಾಪಾರ ಸಂಸ್ಥೆಯ ಕಟಕಟೆಗೆ ಎಳೆಯಿತು. ಸ್ವದೇಶಿ ಸೌರಕೋಶಗಳನ್ನೇ ಬಳಸಬೇಕೆಂಬ ನಮ್ಮ ನಿಯಮ ಅದರ ಆಕ್ಷೇಪಕ್ಕೆ ಕಾರಣ. 2016ರಲ್ಲಿ ತೀರ್ಪು ನಮ್ಮ ವಿರುದ್ಧ ಬಂತು. ಅಮೆರಿಕದ ಕೆಲವು ರಾಜ್ಯಗಳಲ್ಲೂ ಅಂಥವೇ ನಿಯಮಗಳಿವೆ ಎಂದು ಭಾರತ ಹೂಡಿದ ದಾವೆಯಲ್ಲಿ 2019ರಲ್ಲಿ ಸಮಿತಿ ನಮ್ಮ ಪರ ನಿಂತಿತು. ಪ್ರಯೋಗಾಲಯದಲ್ಲಿ ಜೊತೆಗೆ ಕುಳಿತವರು ವ್ಯಾಜ್ಯದಲ್ಲಿ ಎದುರುಬದುರಾದರು. ಸೌದೆ ತಂದು ಒಲೆ ಹೊತ್ತಿಸಿದವರಿಗೆ ಪ್ರತಿಫಲ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ಆದರೆ ಸೌದೆಯ ಬೆಲೆ ಕೇಳುವುದು ಬೇರೆ, ನೆರೆಮನೆಯಲ್ಲಿ ಒಲೆಯೇ ಉರಿಯಬಾರದೆನ್ನುವುದು ಬೇರೆ.

ಇನ್ನು ತಂತಿಯ ಮಾತು. ವಿದ್ಯುತ್ ಜಾಲದಲ್ಲಿ ಉತ್ಪಾದನೆ ಮತ್ತು ಬಳಕೆ ಪ್ರತಿಕ್ಷಣವೂ ಸರಿದೂಗಬೇಕು. ತಪ್ಪಿದರೆ ಒಬ್ಬರ ಕತ್ತಲೆ ಎಲ್ಲರ ಕತ್ತಲೆಯಾಗುತ್ತದೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯ ಜಾಲಗಳು ಕುಸಿದು 60 ಕೋಟಿಗೂ ಹೆಚ್ಚು ಜನರಿಗೆ ವಿದ್ಯುತ್ ಇಲ್ಲವಾಯಿತು. ದಕ್ಷಿಣದ ಜಾಲ ಆಗಿನ್ನೂ ಉಳಿದವುಗಳೊಡನೆ ಪೂರ್ಣವಾಗಿ ಬೆಸೆದಿರಲಿಲ್ಲ. ಆದ್ದರಿಂದ ನಾವು ಪಾರಾದೆವು. ಬೇರೆಯಾಗಿರುವುದೇ ಕ್ಷೇಮ ಎಂದು ಸುಮ್ಮನಾಗಬಹುದಿತ್ತು. ಆದರೆ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ಮಾರ್ಗದ ಮೂಲಕ ನಾವೂ ಆ ಜಾಲವನ್ನು ಸೇರಿಕೊಂಡೆವು. ನೆರೆಯವನ ಅಪಾಯದಲ್ಲಿ ಪಾಲು ಪಡೆಯದೆ ಅವನ ನೆರವಿನಲ್ಲಿ ಪಾಲು ಕೇಳಲಾಗದು.

ಸೂರ್ಯ ಮುಳುಗುತ್ತಾನೆ, ಗಾಳಿ ನಿಲ್ಲುತ್ತದೆ. ಈ ಏರುಪೇರನ್ನು ಅರಿತು ಎಲ್ಲಿ ಎಷ್ಟು ಹುಟ್ಟುತ್ತಿದೆ, ಎಲ್ಲಿ ಎಷ್ಟು ಬೇಕು ಎಂಬ ಸುದ್ದಿಯನ್ನೂ ವಿದ್ಯುತ್ತಿನ ಜೊತೆ ಸಾಗಿಸುವ ವ್ಯವಸ್ಥೆಯೇ ಸ್ಮಾರ್ಟ್ ಗ್ರಿಡ್. 2015ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ‘ಮಿಷನ್ ಇನ್ನೋವೇಷನ್’ನಲ್ಲಿ ಇದರ ಸಂಶೋಧನೆಯ ಹೊಣೆ ಹೊತ್ತದ್ದು ಭಾರತ, ಇಟಲಿ ಮತ್ತು ಚೀನಾ. ಗಡಿಯಲ್ಲಿ ಪರಸ್ಪರ ನಂಬದ ದೇಶಗಳೂ ಇಲ್ಲಿ ಒಂದೇ ಕೆಲಸಕ್ಕೆ ಕೂಡಿದವು.

ವಿಚಿತ್ರವೆಂದರೆ, ಅಪಾಯವಿರುವ ತಂತಿಯನ್ನು ಹಂಚಿಕೊಳ್ಳಲು ನಾವು ಕಲಿತಿದ್ದೇವೆ. ಹಂಚಿದರೆ ಕರಗದ ಕೆಂಡಕ್ಕೆ ಮಾತ್ರ ಬೀಗ ಹಾಕುತ್ತೇವೆ.

ಈ ಮಾತನ್ನು ದೊಡ್ಡ ದೇಶಗಳಿಗಷ್ಟೇ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದು ರೈತರಿಗೆ ವರ್ಷವರ್ಷವೂ ಬಾಡಿಗೆ ಕೊಡುವುದು ಮೆಚ್ಚತಕ್ಕ ಏರ್ಪಾಡು. ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರಿಗೆ ಭೂಮಿಯಿಲ್ಲ, ಆದ್ದರಿಂದ ಬಾಡಿಗೆಯೂ ಇಲ್ಲ. ನಾಲ್ಕು ದೇಶ ದಾಟಿ ಬಂದ ಕೆಂಡ ಅವರ ಹೊಸ್ತಿಲ ಮುಂದೆಯೇ ನಿಂತುಬಿಟ್ಟರೆ, ಬಾಗಿಲು ಮುಚ್ಚಿದವರು ಯಾರು ಎಂಬ ಪ್ರಶ್ನೆಗೆ ನಾವೇ ಉತ್ತರಿಸಬೇಕಾಗುತ್ತದೆ.