ಮರೆತ ಪಾಸ್‌ವರ್ಡ್ ಮತ್ತು ಸ್ವತ್ವದ ಪ್ರಶ್ನೆ

ಫರ್ಮ್‌ವೇರ್ ಪಾಸ್‌ವರ್ಡ್ ಲ್ಯಾಪ್‌ಟಾಪಿನ ಹೊಸ್ತಿಲ ಬೀಗ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಏಳುವ ಮೊದಲೇ ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಮೂಲ ತಂತ್ರಾಂಶ ಅದನ್ನು ಕೇಳುತ್ತದೆ. ಸರಿಯುತ್ತರ ಸಿಗದಿದ್ದರೆ ಯಂತ್ರ ಅಲ್ಲಿಯೇ ನಿಲ್ಲುತ್ತದೆ. ಕೈಬದಲಾದ ಹಳೆಯ ಲ್ಯಾಪ್‌ಟಾಪಿನಲ್ಲಿ ಈ ಪಾಸ್‌ವರ್ಡ್ ಮರೆತುಹೋದಾಗ ಒಂದು ಪುರಾತನ ಪ್ರಶ್ನೆ ಮತ್ತೆ ಏಳುತ್ತದೆ: ವಸ್ತು ಯಾರದು? ಹಣ ತೆತ್ತವರದೋ, ಕೈಯಲ್ಲಿ ಹಿಡಿದವರದೋ, ಗುಟ್ಟು ಬಲ್ಲವರದೋ? ಧರ್ಮಶಾಸ್ತ್ರದಲ್ಲಿ ಇದಕ್ಕೆ ಸ್ವತ್ವವಿಚಾರವೆಂದು ಹೆಸರು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಂಥ ಊರುಗಳ ವಿದ್ಯಾರ್ಥಿಗೆ ಹೊಸ ಲ್ಯಾಪ್‌ಟಾಪ್ ದುಬಾರಿ. ಸೆಕೆಂಡ್ ಹ್ಯಾಂಡ್ ಯಂತ್ರವೇ ಕೈಗೆಟುಕುವ ದಾರಿ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಕೈಬಿಟ್ಟ ಯಂತ್ರಗಳು ಎಸ್.ಪಿ. ರಸ್ತೆಯಂಥ ಪೇಟೆಗಳನ್ನು ದಾಟಿ ಸಣ್ಣ ಊರಿನ ಅಂಗಡಿಗಳನ್ನು ಸೇರುತ್ತವೆ. ಕಂಪನಿಯ ಯಂತ್ರಗಳಿಗೆ ಅಲ್ಲಿನ ತಾಂತ್ರಿಕ ವಿಭಾಗ ಫರ್ಮ್‌ವೇರ್ ಪಾಸ್‌ವರ್ಡ್ ಹಾಕಿಡುವುದು ವಾಡಿಕೆ. ಮಾರುವ ಮುನ್ನ ಅದನ್ನು ತೆಗೆಯಲು ಮರೆತರೆ, ಮೂರು ನಾಲ್ಕು ಕೈ ದಾಟಿ ಬಂದ ಕೊನೆಯ ಕೊಳ್ಳುಗರ ಮುಂದೆ ಬೀಗ ಉಳಿಯುತ್ತದೆ, ಕೀಲಿ ಇರುವುದಿಲ್ಲ.

ಬೀಗಗಳಲ್ಲಿ ಮೂರು ಬಗೆ. ಯಂತ್ರ ಹೊತ್ತಿಕೊಳ್ಳುವಾಗಲೇ ಕೇಳುವುದು ಪವರ್-ಆನ್ ಪಾಸ್‌ವರ್ಡ್. ಸೆಟ್ಟಿಂಗ್‌ಗಳನ್ನು ಬದಲಿಸದಂತೆ ತಡೆಯುವುದು ಸೂಪರ್‌ವೈಸರ್ ಅಥವಾ ಅಡ್ಮಿನ್ ಪಾಸ್‌ವರ್ಡ್. ಮೂರನೆಯದು ಹಾರ್ಡ್ ಡಿಸ್ಕಿನ ಪಾಸ್‌ವರ್ಡ್. ಇದು ಡಿಸ್ಕಿನೊಳಗೇ ಕೂತಿರುವುದರಿಂದ ಡಿಸ್ಕನ್ನು ಬೇರೆ ಯಂತ್ರಕ್ಕೆ ಹಾಕಿದರೂ ಬಿಡುವುದಿಲ್ಲ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಪಾಸ್‌ವರ್ಡನ್ನು ಕಾಯುತ್ತಿದ್ದುದು ಸಿಆರ್2032 ಎಂಬ ಗುಂಡಿಯಾಕಾರದ ಸೆಲ್ಲು. ಅದನ್ನು ಸ್ವಲ್ಪ ಹೊತ್ತು ಕಳಚಿಟ್ಟರೆ ಯಂತ್ರ ಎಲ್ಲವನ್ನೂ ಮರೆಯುತ್ತಿತ್ತು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಆ ಉಪಾಯ ನಡೆಯದು. ಕರೆಂಟ್ ಇಲ್ಲದಿದ್ದರೂ ಅಳಿಯದ ಚಿಪ್ಪಿನಲ್ಲಿ ಪಾಸ್‌ವರ್ಡ್ ಉಳಿದಿರುತ್ತದೆ. ಸೆಲ್ಲು ತೆಗೆದರೆ ದಿನಾಂಕ, ಸಮಯ ಹೋಗಬಹುದು, ಬೀಗ ಹೋಗುವುದಿಲ್ಲ.

ಹಾಗಾಗಿ ಪರಿಹಾರದ ದಾರಿಗಳೆಲ್ಲ ಮನುಷ್ಯರ ಕಡೆಗೇ ತಿರುಗುತ್ತವೆ. ಮೊದಲು ಮಾರಿದವರನ್ನು ಕೇಳಬೇಕು; ಅವರಿಗೂ ತಿಳಿಯದಿದ್ದರೆ ಅವರಿಗೆ ಮಾರಿದವರನ್ನು. ಆ ಸರಪಳಿ ಎಲ್ಲೋ ಕಡಿದರೆ ತಯಾರಿಸಿದ ಕಂಪನಿಯ ಬಾಗಿಲು ತಟ್ಟಬೇಕು. ಡೆಲ್ ಕಂಪನಿ ಯಂತ್ರದ ಸರ್ವಿಸ್ ಟ್ಯಾಗ್ ಮತ್ತು ಒಡೆತನದ ದಾಖಲೆ ನೋಡಿ ನೆರವಾಗುತ್ತದೆ. ಆಪಲ್ ತನ್ನ ಇಂಟೆಲ್ ಮ್ಯಾಕ್‌ಗಳ ಬೀಗ ತೆಗೆಯಲು ಮೂಲ ಖರೀದಿಯ ರಸೀದಿ ಕೇಳುತ್ತದೆ. ಲೆನೊವೊದ ಥಿಂಕ್‌ಪ್ಯಾಡ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಕಂಪನಿ ಹೇಳುವ ಪರಿಹಾರ ಒಂದೇ: ಮದರ್‌ಬೋರ್ಡ್ ಬದಲಾಯಿಸುವುದು. ಬಹುಪಾಲು ಕಡೆ ಕೇಳುವ ಪ್ರಶ್ನೆ ಒಂದೇ: ಇದು ನಿಮ್ಮದೆನ್ನಲು ಏನು ಆಧಾರ?

ಯಂತ್ರ ಕೇಳುವುದೂ ಹೆಚ್ಚು ಕಡಿಮೆ ಅದನ್ನೇ, ಆದರೆ ಅದು ಒಪ್ಪುವ ಆಧಾರ ಬೇರೆ. ನ್ಯಾಯದರ್ಶನದಲ್ಲಿ ಅರಿವಿಗೆ ಆಧಾರವಾದ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಸ್ಮೃತಿಗೆ, ಅಂದರೆ ನೆನಪಿಗೆ, ಅಲ್ಲಿ ಸ್ಥಾನವಿಲ್ಲ. ನೆನಪು ಹಿಂದಿನ ಅನುಭವದ ಉಳಿಕೆ. ಅದು ಹೊಸ ಅರಿವನ್ನು ತರುವುದಿಲ್ಲ ಎಂಬುದು ನೈಯಾಯಿಕರ ನಿಲುವು. ‘ಅವನೇ ಈ ದೇವದತ್ತ’ ಎಂದು ಹಿಂದೆ ಕಂಡವನನ್ನು ಎದುರಿರುವವನಲ್ಲಿ ಗುರುತು ಹಿಡಿಯುವ ಪ್ರತ್ಯಭಿಜ್ಞೆ ಬೇರೆ ಮಾತು. ಅಲ್ಲಿ ವ್ಯಕ್ತಿ ಕಣ್ಣ ಮುಂದಿದ್ದಾನೆ. ಫರ್ಮ್‌ವೇರಿಗೆ ಈ ಪ್ರತ್ಯಭಿಜ್ಞೆ ಇಲ್ಲ. ಎದುರಿಗೆ ಕೂತವರ ಮುಖ ಅದಕ್ಕೆ ಕಾಣದು, ದನಿ ಕೇಳದು. ಒತ್ತಿದ ಅಕ್ಷರಗಳು ತನ್ನಲ್ಲಿರುವುದಕ್ಕೆ ಹೊಂದುತ್ತವೆಯೇ ಎಂದಷ್ಟೇ ಅದು ನೋಡುತ್ತದೆ. ಹೀಗೆ ಶಾಸ್ತ್ರ ಪ್ರಮಾಣದ ಸಾಲಿನಿಂದ ಹೊರಗಿಟ್ಟ ನೆನಪೊಂದೇ ಯಂತ್ರಕ್ಕೆ ಏಕೈಕ ಪ್ರಮಾಣವಾಗುತ್ತದೆ. ಗುಟ್ಟು ಕದ್ದವನನ್ನು ಅದು ಒಳಬಿಡುತ್ತದೆ. ಗುಟ್ಟು ಮರೆತ ಒಡೆಯನನ್ನು ಹೊರಗೆ ನಿಲ್ಲಿಸುತ್ತದೆ. ಪಾಸ್‌ವರ್ಡ್ ಬಲ್ಲೆನೆಂಬುದು ಒಡೆತನಕ್ಕೆ ಸಾಕ್ಷಿಯಲ್ಲ; ಬಲ್ಲೆನಲ್ಲ ಎಂಬುದು ಒಡೆತನ ಇಲ್ಲವೆಂಬುದಕ್ಕೂ ಸಾಕ್ಷಿಯಲ್ಲ.

ಹಾಗಾದರೆ ಒಡೆತನಕ್ಕೆ ಸಾಕ್ಷಿ ಯಾವುದು? ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯ ಮೂರು ಆಧಾರಗಳನ್ನು ಹೇಳುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಲಿಖಿತವೆಂದರೆ ಬರಹದ ದಾಖಲೆ, ಭುಕ್ತಿಯೆಂದರೆ ಅನುಭೋಗ, ಸಾಕ್ಷಿಯೆಂದರೆ ಕಂಡು ಕೇಳಿದವರು. ಲ್ಯಾಪ್‌ಟಾಪಿನ ಮಟ್ಟಿಗೆ ಅಂಗಡಿಯ ಬಿಲ್ಲು ಲಿಖಿತ, ಕೈಯಲ್ಲಿಟ್ಟುಕೊಂಡು ಬಳಸುತ್ತಿರುವುದು ಭುಕ್ತಿ, ಮಾರಿದವರ ಮಾತು ಸಾಕ್ಷಿ. ವಸ್ತು ಬಂದ ಬಗೆಗೆ, ಅಂದರೆ ಆಗಮಕ್ಕೆ, ಬರಿಯ ಭೋಗಕ್ಕಿಂತ ಹೆಚ್ಚು ತೂಕ. ತಲೆತಲಾಂತರದಿಂದ ಬಂದ ಭೋಗವಷ್ಟೇ ಇದಕ್ಕೆ ಹೊರತು. ಕೈಯಲ್ಲಿದೆ ಎಂದಮಾತ್ರಕ್ಕೆ ತನ್ನದಾಗದು, ಹೇಗೆ ಕೈಗೆ ಬಂತೆಂದು ಹೇಳಬೇಕು.

ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದವನು. ಕಲ್ಯಾಣವೆಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸ್ವತ್ವವನ್ನು ತಿಳಿಯುವುದು ಶಾಸ್ತ್ರದಿಂದ ಮಾತ್ರವೇ, ಲೋಕದಿಂದಲೇ ಎಂಬ ಪ್ರಶ್ನೆಯನ್ನು ಅವನು ಆಸ್ತಿ ಹಂಚಿಕೆಯ ಪ್ರಕರಣವಾದ ದಾಯವಿಭಾಗದ ಆರಂಭದಲ್ಲೇ ಎತ್ತಿಕೊಳ್ಳುತ್ತಾನೆ. ಅವನ ಉತ್ತರ: ಸ್ವತ್ವ ಲೌಕಿಕ. ಶಾಸ್ತ್ರದ ಗಂಧವಿಲ್ಲದ ಗಡಿನಾಡಿನ ಜನರೂ ಕೊಂಡು ಮಾರುತ್ತಾರೆ, ನನ್ನದು ನಿನ್ನದು ಎಂಬುದನ್ನು ಚೆನ್ನಾಗಿ ಬಲ್ಲರು. ಆದ್ದರಿಂದ ಒಡೆತನ ಲೋಕವ್ಯವಹಾರದಲ್ಲೇ ಹುಟ್ಟುವಂಥದ್ದು ಎಂಬುದು ಅವನ ವಾದಗಳಲ್ಲೊಂದು. ಈ ವಾದವನ್ನು ಹಿಡಿದು ನೋಡಿದರೆ ಸ್ವತ್ವ ವಸ್ತುವಿನೊಳಗೆ ಅಂಟಿಕೊಂಡ ಗುಣವಲ್ಲ. ಮನುಷ್ಯರು ಪರಸ್ಪರ ಒಪ್ಪಿ ನಡೆಸುವ ಕೊಡು-ಕೊಳ್ಳುವಿಕೆಯಲ್ಲಿ ಅದರ ನೆಲೆ. ಚಿಪ್ಪಿನಲ್ಲಿ ಕೂತ ಪಾಸ್‌ವರ್ಡ್ ಅದನ್ನು ಕಾಯಬಲ್ಲದು, ಸೃಷ್ಟಿಸಲಾರದು.

ಪಾವಗಡ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ನಿದರ್ಶನವಿದೆ. ತಿರುಮಣಿ, ವಳ್ಳೂರು ಮೊದಲಾದ ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ರೈತರು ಆ ಜಮೀನನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಹೊಲಕ್ಕೆ ಬೇಲಿ ಬಿದ್ದಿದೆ, ಗೇಟಿನ ಕೀಲಿ ಬೇರೆಯವರಲ್ಲಿದೆ. ಆದರೂ ಒಡೆಯರು ರೈತರೇ, ವರ್ಷ ವರ್ಷ ಬರುವ ಗುತ್ತಿಗೆ ಹಣವೇ ಅದನ್ನು ಸಾರುತ್ತದೆ. ಕರ್ನಾಟಕದ ಪಹಣಿಯಲ್ಲೂ ಸ್ವಾಧೀನದಾರರ ಹೆಸರಿಗೆ ಒಂದು ಕಲಂ, ಸಾಗುವಳಿಯ ವಿವರಕ್ಕೆ ಇನ್ನೊಂದು. ಬೀಗ, ಬಳಕೆ, ಒಡೆತನ ಮೂರೂ ಬೇರೆ ಬೇರೆ ಎಂಬುದು ಹಳ್ಳಿಯ ರೈತರಿಗೆ ದಿನನಿತ್ಯದ ತಿಳಿವಳಿಕೆ.

ಬೀಗ ಒಡೆತನವಲ್ಲ ಎಂದಾದ ಮೇಲೆ ಅದನ್ನು ಹೇಗಾದರೂ ಮುರಿಯಬಹುದೆ? ಇಲ್ಲಿ ಧರ್ಮಶಾಸ್ತ್ರದ ಅಸ್ವಾಮಿವಿಕ್ರಯ ಪ್ರಕರಣ ಎದುರಾಗುತ್ತದೆ. ಒಡೆಯನಲ್ಲದವನು ಮಾರಿದ ವಸ್ತು ಮೂಲ ಒಡೆಯನಿಗೇ ಸೇರಬೇಕು ಎಂಬುದು ಯಾಜ್ಞವಲ್ಕ್ಯನ ನಿಯಮ. ಮಾರಲು ತಕ್ಕವನಲ್ಲದವನಿಂದ, ಗುಟ್ಟಾಗಿ, ತೀರಾ ಅಗ್ಗಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನನ್ನು ಕಳ್ಳನ ಸಾಲಿಗೇ ಸೇರಿಸುತ್ತಾನೆ. ಪ್ರಾಮಾಣಿಕ ಕೊಳ್ಳುಗನಿಗೆ ದಾರಿಯೂ ಇದೆ: ಮಾರಿದವನನ್ನು ತೋರಿಸಿಕೊಟ್ಟರೆ ಅವನು ದೋಷಮುಕ್ತ, ವಸ್ತು ಒಡೆಯನಿಗೆ, ಕೊಟ್ಟ ಬೆಲೆ ಮಾರಿದವನಿಂದ ಕೊಳ್ಳುಗನಿಗೆ. ಇಂದಿನ ಕಾನೂನೂ ಇದೇ ಹಾದಿಯಲ್ಲಿದೆ. 1930ರ ಸರಕು ಮಾರಾಟ ಕಾಯ್ದೆಯ 27ನೇ ಕಲಂ ಪ್ರಕಾರ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಮಾರಿದವರಿಗಿದ್ದ ಹಕ್ಕಿಗಿಂತ ಹೆಚ್ಚಿನದು ಕೊಂಡವರಿಗೆ ಬರುವುದಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಬಿ ಕಲಂ, ಕಳವಿನದೆಂದು ತಿಳಿದೂ ಕಂಪ್ಯೂಟರನ್ನು ಅಪ್ರಾಮಾಣಿಕವಾಗಿ ಇಟ್ಟುಕೊಂಡವರಿಗೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದ್ದರಿಂದ ಬಿಲ್ಲಿಲ್ಲದ, ಬೀಗ ಬಿದ್ದ, ಬೆಲೆ ವಿಪರೀತ ಕಡಿಮೆಯ ಲ್ಯಾಪ್‌ಟಾಪ್ ಎದುರಾದಾಗ ಅನುಮಾನಪಡುವುದು ಕೊಳ್ಳುಗರ ಧರ್ಮ. ಆ ಬೀಗ ಕಣ್ಣಿಗೆ ಕಾಣದ ಯಾರೋ ಒಡೆಯರ ಪರವಾಗಿ ನಿಂತಿರಬಹುದು.

ಮಾರುವವರಿಗೂ ಇಲ್ಲಿ ಧರ್ಮವಿದೆ. ಜೈನ ಆಚಾರ್ಯ ಉಮಾಸ್ವಾತಿಯ ತತ್ತ್ವಾರ್ಥಸೂತ್ರದಂತೆ ಕೊಡದೇ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು. ಕದ್ದು ತಂದದ್ದನ್ನು ಸ್ವೀಕರಿಸುವುದು ಅಚೌರ್ಯ ವ್ರತದ ಅತಿಚಾರಗಳಲ್ಲಿ, ಅಂದರೆ ಲೋಪಗಳಲ್ಲಿ, ಒಂದು. ಕಳವಿನ ವ್ಯಾಖ್ಯೆ ‘ಕೊಡುವಿಕೆ’ಯ ಮೇಲೆ ನಿಂತಿದೆ ಎಂದಮೇಲೆ ಕೊಡುವಿಕೆ ಪೂರ್ಣವಾಗಿರಬೇಕು. ಹಣ ಪಡೆದು ಯಂತ್ರ ಕೊಟ್ಟು ಪಾಸ್‌ವರ್ಡ್ ಕೊಡದಿದ್ದರೆ ಅರ್ಧ ಮಾತ್ರ ಕೊಟ್ಟಂತೆ. ಮನೆ ಮಾರಿ ಬೀಗದ ಕೈ ಉಳಿಸಿಕೊಂಡ ಹಾಗೆ. ಕೈಬದಲಾಗುವ ಮುನ್ನ ಪಾಸ್‌ವರ್ಡ್ ತೆಗೆದು, ಬಿಲ್ಲಿನ ಪ್ರತಿಯನ್ನು ಜೊತೆಗೆ ಕೊಟ್ಟಾಗ ಮಾರಾಟ ಮುಗಿಯುತ್ತದೆ. ಸಾವಿರಾರು ಯಂತ್ರಗಳನ್ನು ಒಟ್ಟಿಗೆ ಮಾರುವ ಸಂಸ್ಥೆಗಳಿಗೆ ಇದು ಇನ್ನೂ ಹೆಚ್ಚಿನ ಹೊಣೆ. ಅವರ ಒಂದು ಅಲಕ್ಷ್ಯದ ಬೆಲೆಯನ್ನು ಕೂಡಿಟ್ಟ ಹಣ ಹಾಕಿದ ವಿದ್ಯಾರ್ಥಿ ತೆರಬೇಕಾಗುತ್ತದೆ.

ಮೂಲ ಮಾರಾಟಗಾರ ಸಿಗದ, ಆದರೆ ನೇರವಾಗಿ ಬಿಲ್ಲು ಪಡೆದು ಕೊಂಡವರ ಪಾಡು ಬೇರೆ. ಲಿಖಿತ, ಭುಕ್ತಿ, ಸಾಕ್ಷಿ ಅವರ ಕಡೆಗಿವೆ. ಕಳೆದುಹೋದದ್ದು ಗುಟ್ಟು ಮಾತ್ರ. ಇಂಥವರಿಗೆ ಬಾಗಿಲು ತೆರೆಯುವುದು ನ್ಯಾಯ. ದಾಖಲೆ ನೋಡಿ ಬೀಗ ತೆಗೆದುಕೊಡುವ ವ್ಯವಸ್ಥೆ ಇರುವ ಕಂಪನಿ ಆ ನ್ಯಾಯವನ್ನು ಪಾಲಿಸುತ್ತದೆ. ಮದರ್‌ಬೋರ್ಡನ್ನೇ ಬದಲಿಸಿ ಎನ್ನುವ ವಿನ್ಯಾಸ ಕಳ್ಳನನ್ನು ತಡೆಯುವ ಭರದಲ್ಲಿ ಒಡೆಯನಿಗೂ ದಂಡ ಹಾಕುತ್ತದೆ. ಕಾವಲು ಎಷ್ಟೇ ಬಿಗಿಯಾಗಿರಲಿ, ಪ್ರಮಾಣ ತಂದವರ ಮಾತು ಕೇಳುವ ಒಂದು ಕಿಂಡಿ ಅದರಲ್ಲಿರಬೇಕು.

ಬಾಗಿಲು ತೆರೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಡಿಸ್ಕಿನಲ್ಲಿ ಹಿಂದಿನವರ ಪತ್ರಗಳು, ಫೋಟೊಗಳು, ಲೆಕ್ಕಗಳು ಇದ್ದರೆ ಅವು ಯಾರವು? ಒಳಗೇನಿದೆಯೆಂದು ಹೇಳದೆ, ಪೆಟ್ಟಿಗೆಯಲ್ಲಿಟ್ಟು ಇನ್ನೊಬ್ಬರ ಕೈಗೊಪ್ಪಿಸಿದ ವಸ್ತುವನ್ನು ಯಾಜ್ಞವಲ್ಕ್ಯ ಔಪನಿಧಿಕವೆಂದು ಕರೆದು, ಅದನ್ನು ಇದ್ದ ಹಾಗೆಯೇ ಹಿಂದಿರುಗಿಸಬೇಕೆಂದು ವಿಧಿಸುತ್ತಾನೆ. ಉದ್ದೇಶಪೂರ್ವಕವಾಗಿ ಒಪ್ಪಿಸದಿದ್ದರೂ ಹಳೆಯ ಡಿಸ್ಕಿನ ಮಾಹಿತಿ ಇದೇ ಜಾತಿಯದು. ಕೊಳ್ಳುಗರು ತೆತ್ತ ಹಣ ಲೋಹ, ಗಾಜು, ಚಿಪ್ಪುಗಳಿಗೆ. ಇನ್ನೊಬ್ಬರ ಬದುಕಿನ ವಿವರಗಳಿಗಲ್ಲ. ಹಿಂದಿನವರು ಸಿಕ್ಕರೆ ಮಾಹಿತಿಯನ್ನು ಅವರಿಗೆ ಮುಟ್ಟಿಸುವುದು, ಸಿಗದಿದ್ದರೆ ತೆರೆದು ನೋಡದೆ ಪೂರ್ತಿ ಅಳಿಸಿ ಡಿಸ್ಕನ್ನು ಹೊಸದಾಗಿ ಬಳಸುವುದು, ಇವೆರಡೇ ಸರಿಯಾದ ದಾರಿ.