ಡಬ್ಬಿಯ ಮೇಲಿನ ಹೆಸರು

ಬ್ಯಾಡಗಿಯಲ್ಲಿ ಕಡ್ಡಿ, ಡಬ್ಬಿ ಎಂದರೆ ಮೆಣಸಿನಕಾಯಿಯ ಎರಡು ಜಾತಿಗಳೆಂದು ಚಿಕ್ಕ ಹುಡುಗರೂ ಬಲ್ಲರು. ನಮ್ಮ ಅಣ್ಣನ ಮಗನ ಕೋಣೆಯಲ್ಲಿ ಮಾತ್ರ ಆ ಮಾತುಗಳಿಗೆ ಅರ್ಥ ಬೇರೆ. ಅಲ್ಲಿ ಕಡ್ಡಿಯೆಂದರೆ ಬೆಸುಗೆ ಹಾಕುವ ಕಡ್ಡಿ. ಡಬ್ಬಿಯೆಂದರೆ ಬಿಸ್ಕೀಟು ತೀರಿದ ಮೇಲೆ ಉಳಿದ ತಗಡಿನ ಡಬ್ಬಿ. ಹಗಲೆಲ್ಲ ದಲಾಲರ ಅಂಗಡಿಯಲ್ಲಿ ಚೀಲಗಳ ಲೆಕ್ಕ ಬರೆಯುವ ಈತ, ರಾತ್ರಿ ಊಟವಾದ ಮೇಲೆ ಕಡ್ಡಿ ಕಾಯಿಸಿಕೊಂಡು ಕೂಡುತ್ತಾನೆ. ಗಣಪತಿ ಹಬ್ಬದಲ್ಲಿ ಗೆಳೆಯರೊಡನೆ ಗಿಟಾರು ಬಾರಿಸುವ ಹವ್ಯಾಸ ಅವನದು. ಗಿಟಾರಿಗೂ ಧ್ವನಿವರ್ಧಕಕ್ಕೂ ನಡುವೆ ಇಡುವ ಪೆಟ್ಟಿಗೆಯೊಂದುಂಟು; ಕಾಲಿನಿಂದ ಒತ್ತಿದರೆ ನಾದದ ಬಣ್ಣವೇ ಬದಲಾಗುತ್ತದೆ. ಅದಕ್ಕೆ ಪೆಡಲ್ ಎನ್ನುತ್ತಾರೆ. ಅದನ್ನು ಕೊಳ್ಳದೆ ತಾನೇ ಮಾಡಬೇಕೆಂಬುದು ಅವನ ಹಟ.

ಒಂದು ರಾತ್ರಿ ಕರೆದು, “ಕಾಕಾ, ಇದನ್ನಷ್ಟು ಕೇಳ್ರಿ” ಎಂದನು. ತಂತಿ ಮೀಟಿದನು, ಗಂಟೆಯಂಥ ಸ್ವರ. ಡಬ್ಬಿಯನ್ನು ಒತ್ತಿ ಮತ್ತೆ ಮೀಟಿದನು. ಕೊಡದೊಳಗೆ ಹೆಜ್ಜೇನು ಸಿಕ್ಕಿಬಿದ್ದಂತಾಯಿತು.

“ತಮ್ಮಾ, ನೆಟ್ಟಗಿದ್ದ ನಾದಾನ ಕೆಡಸಾಕ ಇಷ್ಟು ರಾತ್ರಿ ನಿದ್ದಿಗೆಟ್ಟೇನು?” ಎಂದೆ.

“ಕೆಡಸೂದ ಇದರ ಕೆಲಸರೀ ಕಾಕಾ” ಎಂದು ನಕ್ಕನು.

ಅವನು ವಿವರಿಸಿದ್ದು ಹೀಗೆ. ನಾದದ ಅಲೆ ದುಂಡಗೆ ಏಳುತ್ತದೆ, ಬೀಳುತ್ತದೆ. ಡಬ್ಬಿಯಲ್ಲಿರುವ ಎರಡು ಟ್ರಾನ್ಸಿಸ್ಟರುಗಳು ಅದನ್ನು ಹಿಗ್ಗಿಸುತ್ತವೆ. ಆದರೆ 9 ವೋಲ್ಟಿನ ಬ್ಯಾಟರಿಯ ಬಲವನ್ನು ಮೀರಿ ಹಿಗ್ಗಿಸಲಾರವು. ಆಗ ಅಲೆಯ ತಲೆಯೂ ಬುಡವೂ ಕೊಯ್ದಂತೆ ಚಪ್ಪಟೆಯಾಗುತ್ತವೆ. ಹೀಗೆ ಕೊಯ್ದಾಗ ಮೂಲಸ್ವರದ ಎರಡು, ಮೂರು, ಐದು ಪಟ್ಟು ಕಂಪನದ ಹೊಸ ಸ್ವರಗಳು ಹುಟ್ಟಿ ಸೇರಿಕೊಳ್ಳುತ್ತವೆ. ಕಿವಿಗೆ ಗೊರಗೊರ ಎನ್ನಿಸುವುದು ಆ ಸ್ವರಗಳ ಸಂತೆಯೇ.

ಇದು ಮೊದಲು ಹುಟ್ಟಿದ್ದೂ ಅಪಘಾತದಿಂದ. ಅಮೆರಿಕದ ನ್ಯಾಶ್‌ವಿಲ್ಲಿನಲ್ಲಿ ಹಾಡೊಂದನ್ನು ಮುದ್ರಿಸುವಾಗ ಯಂತ್ರದ ಒಂದು ಭಾಗ ಕೆಟ್ಟು, ವಾದ್ಯದ ದನಿ ಒಡೆದುಹೋಯಿತು. ಅದನ್ನು ಅಳಿಸಲಿಲ್ಲ, 1961ರಲ್ಲಿ ಹಾಡು ಆ ಒಡಕಿನೊಡನೆಯೇ ಹೊರಬಂದು ಜನಪ್ರಿಯವಾಯಿತು. 1962ರಲ್ಲಿ ಅದೇ ಒಡಕನ್ನು ಬೇಕೆಂದೇ ಉಂಟುಮಾಡುವ ಪೆಟ್ಟಿಗೆ ಪೇಟೆಗೆ ಬಂದಿತು. ಲಂಡನ್ನಿನವರು ಅದನ್ನು ನೋಡಿ 1965ರಲ್ಲಿ ತಮ್ಮದೊಂದನ್ನು ಮಾಡಿದರು. ಅದನ್ನು ನೋಡಿ 1966ರಲ್ಲಿ ಇನ್ನೊಂದು ಬಂದಿತು. ನಮ್ಮವನ ಬಿಸ್ಕೀಟು ಡಬ್ಬಿ ಆ ವಂಶದ ಕಿರಿಯ ಕುಡಿ.

ದೋಷವನ್ನು ಹಣ ಕೊಟ್ಟು ಕೊಳ್ಳುವವರನ್ನು ಕಂಡು ನಗಬೇಕೆನ್ನಿಸಿತು. ಆದರೆ ಗೋಡೆಗೆ ಒರಗಿಸಿದ್ದ ನಮ್ಮ ತಂದೆಯವರ ಮಿರಜಿನ ತಂಬೂರಿ ಕಣ್ಣಿಗೆ ಬಿದ್ದು ಸುಮ್ಮನಾದೆ. ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ನೂಲಿನ ಎಳೆ ಸಿಕ್ಕಿಸುತ್ತೇವಲ್ಲವೆ? ತಂತಿ ಕುದುರೆಗೆ ಮೆಲ್ಲನೆ ತಾಕಿ ಝೇಂಕರಿಸುವಂತೆ ಮಾಡುವುದೇ ಅದರ ಕೆಲಸ. ಎಳೆ ತೆಗೆದರೆ ನಾದ ಸಪ್ಪೆಯಾಗುತ್ತದೆ. ಗಂಗೂಬಾಯಿ ಹಾನಗಲ್ಲರ ಕಂಠವೂ ಹಾಗೆಯೇ. ಅವರ ಮೊದಮೊದಲ ಧ್ವನಿಮುದ್ರಿಕೆಗಳಲ್ಲಿರುವುದು ತೆಳುವಾದ ಇಂಪಿನ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಗಂಡಸಿನದೆನ್ನಿಸುವ ಗಂಭೀರ ದನಿ ಬಂದಿತು. ಆ ದನಿಯಲ್ಲಿಯೇ ಅವರು ಕಿರಾಣಾ ಘರಾಣೆಯ ಹಿರಿಯ ಗಾಯಕಿಯಾದರು. ಅಷ್ಟು ದೂರವೇಕೆ? ಮೈತುಂಬ ಸುಕ್ಕು, ಖಾರವೂ ಕಡಮೆ: ಬ್ಯಾಡಗಿ ಕಾಯಿಗೆ ಬೆಲೆ ಬಂದಿರುವುದು ಇದರಿಂದಲೂ ಅದರ ಕೆಂಪಿನಿಂದಲೂ ಅಲ್ಲವೆ?

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುವ ಕಾರಣವಿರಲಿಲ್ಲ. ಕಳೆದ ತಿಂಗಳು ಹುಬ್ಬಳ್ಳಿಯ ಅಂಗಡಿಕಾರರೊಬ್ಬರು ಅವನ ಪೆಡಲಿನ ನಾದ ಕೇಳಿ ಮೆಚ್ಚಿ, “ಹತ್ತು ಮಾಡಿಕೊಡು. ಒಳ್ಳೆಯ ಡಬ್ಬಿ ನಾವು ಕೊಡುತ್ತೇವೆ, ಮೇಲೆ ವಿಲಾಯತಿ ಕಂಪನಿಯ ಹೆಸರು ಬರೆಸಿದರಾಯಿತು. ನಾಲ್ಕು ಪಟ್ಟು ಬೆಲೆ” ಎಂದರಂತೆ. ಮನೆಯಲ್ಲಿ ತಂಗಿಯ ಮದುವೆಯ ಸಾಲವಿತ್ತು. ಹುಡುಗ ಬಂದು ನನ್ನ ಮುಂದೆ ಕುಳಿತನು.

“ಒಳಗಿನ ಜೋಡಣಿ ಅವರದ, ಕಾಕಾ. ನಾನು ನೋಡಿ ಮಾಡಿದ್ದು. ನಾದಾನೂ ಅದ. ಹಿಂಗಿದ್ದ ಮ್ಯಾಲೆ ಹೆಸರು ಹಾಕಿದ್ರ ಯಾರಿಗೇನು ನಷ್ಟ ಹೇಳ್ರಿ?”

ಈ ಪ್ರಶ್ನೆ ನಾನೆಣಿಸಿದಷ್ಟು ಸುಲಭವಾಗಿರಲಿಲ್ಲ. ನೋಡಿ ಮಾಡುವುದು ತಪ್ಪೆಂದರೆ ಗುರುವಿನ ಬಾಯಿಂದ ಕಲಿತ ಸಂಗೀತವೆಲ್ಲ, ಅತ್ತೆಯಿಂದ ಕಲಿತ ಅಡಿಗೆಯೆಲ್ಲ ತಪ್ಪಾಗಬೇಕು. ಲಂಡನ್ನಿನವರೂ ನೋಡಿಯೇ ಮಾಡಿದರು. ಆದರೆ ಮಾಡಿದ್ದರ ಮೇಲೆ ತಮ್ಮ ಹೆಸರನ್ನು ಹಾಕಿಕೊಂಡರು. ಕೊಳ್ಳುವವನ ಕಿವಿಗೆ ನಷ್ಟವಿಲ್ಲ, ನಿಜ. ನಾಳೆ ಡಬ್ಬಿ ಕೆಟ್ಟರೆ ಅವನು ಯಾರನ್ನು ಕೇಳಬೇಕು? ವಿಲಾಯತಿಯವರು ತಮ್ಮದಲ್ಲ ಎನ್ನುವರು. ಮಾಡಿದವನು ಹೆಸರಿನ ಹಿಂದೆ ಅಡಗಿರುವನು. ಹೆಸರೆಂದರೆ ಅಲಂಕಾರವೆಂದು ನಾವು ತಿಳಿದಿದ್ದೇವೆ. ಅದು ಕರೆದರೆ ಓಗೊಡುತ್ತೇನೆಂಬ ಮಾತು.

ನಮ್ಮ ಸೀಮೆಯವರಿಗೆ ಇದು ಹೊಸದಾಗಿರಬಾರದು. ಹೆಚ್ಚಿನ ಶರಣರು ತಮ್ಮ ವಚನಗಳಿಗೆ ಇಷ್ಟದೈವದ ಹೆಸರನ್ನು ಅಂಕಿತವಾಗಿಟ್ಟರು. ರಾಣೆಬೆನ್ನೂರು ತಾಲೂಕಿನ ಚೌಡದಾನಪುರದೊಡನೆ ಹೆಸರು ಬೆಸೆದುಕೊಂಡಿರುವ ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಇಟ್ಟನು. ಅಷ್ಟು ಖಾರವಾಗಿ ಆಡಿದವನು, ಆಡಿದ್ದು ನಾನೇ ಎಂದು ನಿಂತನು.

ಈ ಉಪದೇಶವನ್ನೆಲ್ಲ ಹುಡುಗನಿಗೆ ಹೇಳಹೊರಟು ನಾಲಿಗೆ ತಡೆಯಿತು. ದರ ಏರಿದ್ದ ಒಂದು ವರ್ಷ, ಬೆಂಗಳೂರಿನ ಬೀಗರಿಗೆ ನಾನು ಕಳಿಸಿದ ಪುಡಿಯಲ್ಲಿ ಅರ್ಧ ಬೇರೆ ಕಾಯಿಯಿತ್ತು. ಬ್ಯಾಡಗಿ ಪೇಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಾಯಿಯೂ ಬರುತ್ತದೆ, ಅದೇನು ಪಾಪವಲ್ಲ. ಆದರೆ ನಾನು ಚೀಟಿಯಲ್ಲಿ ಬರೆದದ್ದು ‘ಅಪ್ಪಟ ಬ್ಯಾಡಗಿಯದು’ ಎಂದು. ಅವರು ಹೊಗಳಿ ಪತ್ರ ಬರೆದರು, ನಾನು ಸುಮ್ಮನಿದ್ದೆ. 2005ರಲ್ಲಿ ಬ್ರಿಟನ್ನಿನ ಅಂಗಡಿಗಳಿಂದ ನೂರಾರು ಬಗೆಯ ತಿನಿಸುಗಳನ್ನು ಹಿಂದಕ್ಕೆ ತರಿಸಿದರು. ಅವುಗಳಲ್ಲಿ ಸೇರಿದ್ದ ಮೆಣಸಿನ ಪುಡಿಗೆ ಸುಡಾನ್ ಎಂಬ ಬಣ್ಣ ಬೆರೆತಿತ್ತು. ಪತ್ರಿಕೆಯಲ್ಲಿ ಅದನ್ನೋದಿ ನಾನು ಎಷ್ಟು ಕೋಪಿಸಿಕೊಂಡಿದ್ದೆ! 2011ರಲ್ಲಿ ನಮ್ಮ ಕಾಯಿಯ ಹೆಸರಿಗೆ ಭೌಗೋಳಿಕ ಮಾನ್ಯತೆ ಬಂದಾಗ ಪೇಡೆ ಹಂಚಿದವನೂ ನಾನೇ.

ಕೊನೆಗೆ ಹುಡುಗನಿಗೆ ಉಪದೇಶದ ಬದಲು ಈ ಕತೆಯನ್ನೇ ಹೇಳಿದೆ. ಅವನು ನಗಲಿಲ್ಲ. ಸ್ವಲ್ಪ ಹೊತ್ತು ಡಬ್ಬಿಯನ್ನು ಕೈಯಲ್ಲಿ ತಿರುವುತ್ತಿದ್ದು, “ಬೀಗರಿಗೆ ಹೇಳೀರೇನ್ರಿ?” ಎಂದು ಕೇಳಿದನು. ಇಲ್ಲವೆಂದೆ.

ಹುಬ್ಬಳ್ಳಿಯವರು ಹತ್ತರ ಬದಲು ಎರಡನ್ನು ಮಾತ್ರ ಕೊಂಡರು, ಅದೂ ಕಾಲುಭಾಗ ಬೆಲೆಗೆ. ಸಾಲ ಇನ್ನೂ ಇದೆ. ಡಬ್ಬಿಗಳ ಮೇಲೆ ಕೆಂಪು ಬಣ್ಣದಲ್ಲಿ ಅವನ ಹೆಸರಿದೆ. ಅದರ ಕೆಳಗೆ, ಬ್ಯಾಡಗಿ ಎಂದಿದೆ. ನಾನು ಬೀಗರಿಗೆ ಬರೆಯಬೇಕಾದ ಪತ್ರ ಮೇಜಿನ ಮೇಲಿದೆ. ಎರಡು ಸಾಲಾಗಿದೆ.